ಎರಡು ಅಲೆಗಳಷ್ಟು ಹಗ್ಗ

ಕಾರಿನಿಂದ ಇಳಿದ ನಸೀಬಾಳಿಗೆ ಮೊದಲು ಕಂಡದ್ದು ಗಂಡನ ಬೆನ್ನು. ಝುಬೈರ್ ಜೆಟ್ಟಿಯ ತುದಿಯಲ್ಲಿ ಮಂಡಿಯೂರಿ ಕುಳಿತು ಹಾಯಿದೋಣಿಯ ಹಿಂದೆ ಡಿಂಗಿಯನ್ನು, ಹುಟ್ಟು ಹಾಕುವ ಒಂದು ಪುಟ್ಟ ದೋಣಿಯನ್ನು, ಕಟ್ಟುತ್ತಿದ್ದ. ಎದ್ದು ಬಂದು ಮಾವನಿಗೆ ಸಲಾಂ ಹೇಳಿದ, ಅತ್ತೆಯ ಕೈಯಿಂದ ಬಿರಿಯಾನಿಯ ಪಾತ್ರೆ ತೆಗೆದುಕೊಂಡ, ಆಮೇಲೆ ಅವಳ ಕಡೆಗೆ ಕಣ್ಣೆತ್ತಿದ. ಎತ್ತಿದ್ದೇ ತಡ, ಕಿವಿಯವರೆಗೂ ಕೆಂಪಾಗಿ ಮತ್ತೆ ಹಗ್ಗದ ಹತ್ತಿರ ಹೋಗಿ ಕುಳಿತ.

ನಿಕಾಹ್ ಆಗಿ ಎರಡು ತಿಂಗಳು. ಈ ಎರಡು ತಿಂಗಳಲ್ಲಿ ಅವಳಿಗೆ ದಕ್ಕಿದ್ದು ಇಂಥ ಮೂರೋ ನಾಲ್ಕೋ ನೋಟ, ಅಷ್ಟೇ.

ನಿಕಾಹ್ ಆದದ್ದು ಜಿದ್ದಾದ ಶರಫಿಯಾ ಬಡಾವಣೆಯಲ್ಲಿ, ಅವಳ ತಂದೆಯ ಮನೆಯ ಹಾಲ್‌ನಲ್ಲಿ. ಅವಳ ಉಪ್ಪ ಮಹಮ್ಮದ್ ಕುಂಞಿ ಹುಡುಗನ ಕೈ ಹಿಡಿದು ಮಗಳನ್ನು ಒಪ್ಪಿಸಿಕೊಟ್ಟರು, ಒಳಕೋಣೆಯಲ್ಲಿದ್ದ ಅವಳು ಕಾಗದಕ್ಕೆ ಸಹಿ ಹಾಕಿದಳು. ಆದರೆ ಮದುವೆಯ ಊಟ ಮಂಗಳೂರು ಕಡೆಯ ಊರಿನಲ್ಲಿ, ಅಜ್ಜಿ ಅಲೀಮಮ್ಮನ ಕಣ್ಣೆದುರಿಗೇ ಆಗಬೇಕು. ಅದು ಡಿಸೆಂಬರಿಗೆ. ಊಟ ಆಗುವ ತನಕ ಹುಡುಗಿ ತಂದೆಯ ಮನೆಯಲ್ಲೇ ಇರುವುದು ಅವರ ಕಡೆಯ ಪದ್ಧತಿ. ಈಗಿನ್ನೂ ೧೯೯೬ರ ಸೆಪ್ಟೆಂಬರ್. ಕಾಗದದಲ್ಲಿ ಹೆಂಡತಿ, ಮನೆಯಲ್ಲಿ ಮಗಳು. ಎರಡೂ ಕಡೆಯ ಕಟ್ಟುಪಾಡು ಮಾತ್ರ ಅವಳ ಪಾಲಿಗೆ ಬಂದಿತ್ತು.

ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ ಸಂಗತಿ ಅವಳ ಬ್ಯಾಗಿನಲ್ಲಿತ್ತು, ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿ. ಎರಡು ವರ್ಷದಿಂದ ಅವಳು ಭಾರತೀಯ ಶಾಲೆಯೊಂದರಲ್ಲಿ ನಾಲ್ಕನೇ ತರಗತಿಗೆ ಗಣಿತ ಕಲಿಸುತ್ತಿದ್ದಳು. ಈಗ ಕೆಲಸ ಖಾಯಂ ಆಗುವುದಿತ್ತು. ಅದಕ್ಕೊಂದು ಫಾರಂ, ಫಾರಮ್ಮಿನ ಕೊನೆಗೆ ಗಂಡನ ಒಪ್ಪಿಗೆಯ ಸಹಿ. ನಾಳೆ, ಶನಿವಾರ ಬೆಳಿಗ್ಗೆ, ಕೊಡಲೇಬೇಕು. ಇಲ್ಲದಿದ್ದರೆ ಅವಳ ಕ್ಲಾಸು ಬೇರೆಯವರ ಪಾಲು.

ವಾರದ ಹಿಂದೆ ಉಪ್ಪನ ಮುಂದಿಟ್ಟಾಗ ಅವರು ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ. "ಇನ್ನು ಸಹಿ ಮಾಡುವವನು ನಾನಲ್ಲ, ನಿನ್ನ ಗಂಡ. ಅವನಿಗೆ ನೀನು ಕೆಲಸಕ್ಕೆ ಹೋಗುದು ಇಷ್ಟ ಇಲ್ಲ."

"ಅವರೇ ಹೇಳಿದ್ರಾ?"

"ಹೇಳದೆ ಮತ್ತೆ?"

ಒಂದು ಮಾತು ಕೇಳೋಣವೆಂದರೆ ಫೋನ್ ಬಂದಾಗಲೆಲ್ಲ ಉಪ್ಪನೇ ಎತ್ತುತ್ತಿದ್ದರು. ಝುಬೈರ್ ಕೆಲಸ ಮಾಡುತ್ತಿದ್ದದ್ದು ಜಿದ್ದಾದಿಂದ ನಲವತ್ತು ಕಿಲೋಮೀಟರ್ ಉತ್ತರಕ್ಕೆ, ಒಭೂರ್‌ನ ಹಿನ್ನೀರಿನ ದಡದಲ್ಲಿ, ತನ್ನ ಕಫೀಲನ, ಅಂದರೆ ವೀಸಾ ಕೊಟ್ಟ ಅರಬ್ಬಿ ಧಣಿಯ, ದೋಣಿಗಳನ್ನು ನೋಡಿಕೊಂಡು. ಕಫೀಲ್ ಒಂದು ಶುಕ್ರವಾರದ ಮಟ್ಟಿಗೆ ಹಾಯಿದೋಣಿ ಕೊಟ್ಟದ್ದರಿಂದ ಅತ್ತೆ ಮಾವನನ್ನು ಕಡಲು ನೋಡಲು ಕರೆದಿದ್ದ. ಇವತ್ತು ಕೇಳದಿದ್ದರೆ ಇನ್ನಿಲ್ಲ ಎಂದುಕೊಂಡೇ ನಸೀಬಾ ಬಂದಿದ್ದಳು. ಬಂದರೆ ಇವನು ಹಗ್ಗ ಹಿಡಿದು ಕುಳಿತಿದ್ದಾನೆ!

"ಮಾವ, ನೋಡಿ," ಎಂದು ಝುಬೈರ್ ಗಟ್ಟಿಯಾಗಿ ಶುರುಮಾಡಿದ. "ನಮ್ಮ ದೋಣಿಯ ಅಡಿಭಾಗ ನೀರಲ್ಲಿ ತುಂಬ ಆಳ ಇಳೀತದೆ, ಹವಳದ ದಿಣ್ಣೆಯ ಹತ್ತಿರ ಹೋಗುದಿಲ್ಲ. ಅಲ್ಲಿ ಇಳೀಲಿಕ್ಕೆ ಈ ಡಿಂಗಿ ಬೇಕು. ಎಳ್ಕೊಂಡು ಹೋಗುವಾಗ ಹುಟ್ಟುಗಳನ್ನು ಒಳಗೆ ಕಟ್ಟಿ ಇಡಬೇಕು. ಭಾರ ಹಿಂದೆ ಇರಬೇಕು, ಮೂತಿ ಎತ್ತಿರಬೇಕು. ಹಗ್ಗ ಮಾತ್ರ..."

ಹಗ್ಗದ ವಿಷಯ ಐದು ನಿಮಿಷ ನಡೆಯಿತು. ಆಸಿಯಾ, ಅವಳ ಉಮ್ಮ, ಅಳಿಯ ಎಷ್ಟು ತಿಳಿದವನೆಂದು ಮಗಳ ಕೈ ಹಿಂಡಿದರು. ನಸೀಬಾ ಕೈ ಬಿಡಿಸಿಕೊಂಡಳು.

ಕೋಸ್ಟ್ ಗಾರ್ಡ್ ಚೌಕಿಯಲ್ಲಿ ಎಲ್ಲರ ಇಕಾಮಾ, ಅಂದರೆ ವಾಸದ ಪರವಾನಗಿ ಪುಸ್ತಕ, ಕೊಟ್ಟು ಹೋಗಬೇಕು, ಸಂಜೆಯ ಮಗ್ರಿಬ್ ಬಾಂಗಿಗೆ ಮುಂಚೆ ಬಂದು ತೆಗೆದುಕೊಳ್ಳಬೇಕು. ಸೈನಿಕ ಉಪ್ಪನ ಇಕಾಮಾದಲ್ಲಿ ಹೆಂಡತಿ, ಮಗಳ ಹೆಸರು ನೋಡಿದ. ಆಮೇಲೆ ಝುಬೈರ್‌ನ ಕಡೆ ಬೆರಳು ಮಾಡಿ, ಈ ಹೆಂಗಸರ ದೋಣಿಯಲ್ಲಿ ನಿನಗೇನು ಕೆಲಸ ಎಂದು ಅರಬ್ಬಿಯಲ್ಲಿ ಗದರಿದ.

ಝುಬೈರ್ ಅಂಗಿಯ ಜೇಬಿನಿಂದ ನಿಕಾಹ್ ಕಾಗದದ ಝೆರಾಕ್ಸ್ ತೆಗೆದ. "ಝೌಜತಿ," ಎಂದ. ನನ್ನ ಹೆಂಡತಿ.

ಆ ಝೆರಾಕ್ಸಿನ ಮಡಿಕೆಗಳು ಬಿಟ್ಟುಹೋಗುವಷ್ಟು ಸವೆದಿದ್ದವು. ಎರಡು ತಿಂಗಳ ಕಾಗದವನ್ನು ಅಷ್ಟು ಸಲ ಯಾರು ಬಿಚ್ಚಿ ನೋಡಿದರೋ! ನಸೀಬಾ ತುಸು ಮುಂದೆ ಬಗ್ಗಿ ನೋಡಿದಳು. ಮರುಕ್ಷಣವೇ ಸಿಟ್ಟೂ ಬಂತು. ಗುರುತಿಲ್ಲದ ಸೈನಿಕನಿಗೆ ಹೇಳಲು ಬಾಯಿ ಬರುತ್ತದೆ, ಹೆಂಡತಿಯ ಹತ್ತಿರ ಮಾತ್ರ ಬಾಯಿಗೆ ಬೀಗ.

ಹೊರಡುವ ಹೊತ್ತಿಗೆ ಉಪ್ಪ ಒಂದು ಏರ್ಪಾಡು ಮಾಡಿದರು. ಇಲ್ಲಿಯ ಹೋಟೆಲಿನಲ್ಲಿ ಗಂಡಸರಿಗೊಂದು ಭಾಗ, ಫ್ಯಾಮಿಲಿಗೊಂದು ಭಾಗ ಇರುವುದನ್ನು ಇಪ್ಪತ್ತು ವರ್ಷದಿಂದ ನೋಡಿ ಅಭ್ಯಾಸವಾದವರು. "ಗಂಡಸರು ನಾವು ದೊಡ್ಡದರಲ್ಲಿ. ಹೆಂಗಸರು ಇಬ್ಬರು ಆ ಸಣ್ಣದರಲ್ಲಿ ಆರಾಮ ಕೂತ್ಕೊಳ್ಳಲಿ. ಹೇಗೂ ಹಿಂದೆ ಬರ್ತದಲ್ಲ."

"ಇಲ್ಲ ಮಾವ."

ಉಪ್ಪ ತಿರುಗಿ ನೋಡಿದರು. ಅಳಿಯನಿಂದ ಅವರು ಈವರೆಗೆ ಕೇಳಿದ್ದು "ಆಯ್ತು ಮಾವ", "ನಿಮ್ಮ ಇಷ್ಟ ಮಾವ" ಎಂಬ ಎರಡೇ ಮಾತು.

"ಎಳೀತಾ ಇರುವ ಡಿಂಗಿಯಲ್ಲಿ ಜನ ಕೂತ್ಕೊಳ್ಳುವ ಕ್ರಮ ಇಲ್ಲ. ಮಗುಚಿದ್ರೆ ನಾನು ತಿರುಗಿ ನೋಡುದ್ರೊಳಗೆ ಮುಗೀತು. ಎಲ್ಲರೂ ದೊಡ್ಡದರಲ್ಲಿ. ಇಲ್ಲದಿದ್ರೆ ಹೋಗುದೇ ಬೇಡ."

ಉಮ್ಮ ಮೊದಲೇ ಹತ್ತಿ ಕುಳಿತರು. ನಸೀಬಾ ಹತ್ತುವಾಗ ಅವಳ ಮೈಯೆಲ್ಲ ಉರಿಯುತ್ತಿತ್ತು. ಹಾಗಾದರೆ ಈ ಮನುಷ್ಯನಿಗೆ ಇಲ್ಲ ಎನ್ನಲು ಬರುತ್ತದೆ. ಡಿಂಗಿಯ ಕ್ರಮಕ್ಕಾಗಿ ಮಾವನನ್ನು ಎದುರು ಹಾಕಿಕೊಳ್ಳುತ್ತಾನೆ. ಹೆಂಡತಿಯ ಕೆಲಸದ ವಿಷಯಕ್ಕೆ?

ಹೋಗುವಾಗ ಗಾಳಿ ಹದವಾಗಿತ್ತು. ಡಿಂಗಿ ಉದ್ದನೆಯ ಹಗ್ಗದ ಕೊನೆಯಲ್ಲಿ ಸುಮ್ಮನೆ ಹಿಂಬಾಲಿಸಿತು. "ಎರಡು ಅಲೆಗಳಷ್ಟು ಉದ್ದ ಬಿಡಬೇಕು ಮಾವ," ಎಂದು ಝುಬೈರ್ ಮತ್ತೆ ಶುರುಮಾಡಿದ. "ನಮ್ಮ ದೋಣಿ ಒಂದು ಅಲೆ ಹತ್ತುವಾಗ ಅದೂ ಅದರ ಅಲೆ ಹತ್ತಬೇಕು. ಇಳಿಯುವಾಗ ಒಟ್ಟಿಗೆ ಇಳಿಯಬೇಕು. ಹಾಗಾದ್ರೆ ಹಗ್ಗ ಜಗ್ಗುದಿಲ್ಲ." ಉಪ್ಪ ಮುಖ ಊದಿಸಿಕೊಂಡು ಕಡಲು ನೋಡುತ್ತಿದ್ದರು. ನಸೀಬಾ ಹಲ್ಲು ಕಚ್ಚಿಕೊಂಡು ಬ್ಯಾಗು ತಬ್ಬಿ ಕುಳಿತಳು.

ಹವಳದ ದಿಣ್ಣೆಯ ಮರಳಿನಲ್ಲಿ ಬಿರಿಯಾನಿ ಆಯಿತು, ಚಹಾ ಆಯಿತು. ಅವಳು ಮೂರು ಸಲ ಅವನ ಕಡೆ ಹೋದಳು. ಮೊದಲ ಸಲ ಉಪ್ಪ ನೀರು ಕೇಳಿದರು. ಎರಡನೆಯ ಸಲ ಉಪ್ಪ ಚಾಪೆ ಕೇಳಿದರು. ಮೂರನೆಯ ಸಲ ಏನೂ ಕೇಳದೆ ಇಬ್ಬರ ನಡುವೆ ಬಂದು ಕುಳಿತು ಕಾಲು ಚಾಚಿದರು. ಅವಳಿಗೆ ಅಳು ಬರುವುದೊಂದು ಬಾಕಿ.

ಹೊರಡುವಾಗ ಝುಬೈರ್ ಮುಂಭಾಗದಲ್ಲಿ ಲಂಗರು ಎತ್ತುತ್ತಿದ್ದ. ಉಪ್ಪ ಹಿಂಭಾಗಕ್ಕೆ ಹೋಗಿ ಡಿಂಗಿಯ ಹಗ್ಗದ ಮುಂದೆ ಕುಳಿತರು. ಶರಫಿಯಾದಲ್ಲಿ ಅವರದು ಸೂಟ್‌ಕೇಸು, ಕಂಬಳಿಗಳ ಅಂಗಡಿ. ಊರಿಗೆ ಹೋಗುವವರ ಕಾರ್ಟನ್ನುಗಳನ್ನು ನೈಲಾನ್ ಹಗ್ಗದಲ್ಲಿ ಬಿಗಿದು ಕಟ್ಟಿಕೊಡುವುದರಲ್ಲಿ ಅವರನ್ನು ಮೀರಿಸುವವರು ಆ ಬೀದಿಯಲ್ಲೇ ಇರಲಿಲ್ಲ. ಅಂಥವರಿಗೆ ನಿನ್ನೆ ಮೊನ್ನೆ ಬಂದ ಅಳಿಯ ಹಗ್ಗದ ಪಾಠ ಹೇಳಿದ್ದ.

"ಇಷ್ಟು ಸಡಿಲ ಯಾರಾದ್ರೂ ಬಿಡ್ತಾರಾ?" ಎಂದು ಗೊಣಗಿ ಡಿಂಗಿಯನ್ನು ಹತ್ತಿರಕ್ಕೆಳೆದು, ಮೊಳದುದ್ದ ಮಾತ್ರ ಬಿಟ್ಟು, ತಮ್ಮ ಕಾರ್ಟನ್ ಗಂಟು ಹಾಕಿದರು. ಕಾಲು ಒತ್ತಿ ಬಿಗಿದರು. "ನನ್ನ ಗಂಟು ಮಂಗಳೂರಿಗೆ ಮುಟ್ಟುವ ತನಕ ಬಿಚ್ಚಿದ್ದಿಲ್ಲ."

ನಸೀಬಾ ನೋಡುತ್ತಿದ್ದಳು. ಹೇಳಬಹುದಿತ್ತು. ಹೇಳಲಿಲ್ಲ. ಹಗ್ಗ ಏನಾದರೆ ನನಗೇನು ಎಂದುಕೊಂಡಳು.

ಮುಂದಿನ ಹವಳದ ಮೇಲೆಯೇ ಕಣ್ಣಿಟ್ಟಿದ್ದ ಝುಬೈರ್ ಹಿಂದೆ ನೋಡಿರಲಿಲ್ಲ. ದಿಣ್ಣೆ ದಾಟಿ ಕಾಲು ಗಂಟೆಯಲ್ಲಿ ಗಾಳಿ ಏರಿತು. ಅಲೆಗಳು ಈಗ ಬೆನ್ನಿಗೆ ಬರುತ್ತಿದ್ದವು. ಒಂದೊಂದು ಅಲೆಗೂ ಡಿಂಗಿ ಓಡಿ ಬಂದು ದೋಣಿಯ ಹಿಂಬದಿಗೆ ಗುದ್ದುವುದು, ಅಲೆ ದಾಟಿದ ಮೇಲೆ ಹಗ್ಗ ಜಗ್ಗಿ ಮೂತಿ ನೀರಿಗೆ ಅದ್ದುವುದು. ಅದ್ದಿದಷ್ಟು ಸಲವೂ ಒಂದು ಬಕೆಟ್ ನೀರು ಒಳಗೆ. ನೋಡನೋಡುತ್ತಿದ್ದಂತೆ ಡಿಂಗಿ ಅರ್ಧ ತುಂಬಿ, ಹಾಯಿದೋಣಿಯನ್ನೇ ಹಿಂದಕ್ಕೆಳೆಯತೊಡಗಿತು. ಉಪ್ಪನಿಗೆ ತಲೆ ಸುತ್ತಿ, ತಿಂದ ಬಿರಿಯಾನಿ ಕಡಲಿನ ಪಾಲಾಯಿತು. ಉಮ್ಮ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಾಹನ ಹೆಸರು ಹಿಡಿದು ದಿಕ್ರ್ ಹೇಳತೊಡಗಿದರು.

ಝುಬೈರ್ ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು ಇನ್ನೊಂದರಲ್ಲಿ ಗಂಟು ಬಿಚ್ಚಲು ನೋಡಿದ. ಗಂಟು ಜಪ್ಪಯ್ಯ ಎನ್ನಲಿಲ್ಲ.

"ಎಂತ ಗಂಟು ಮಾರಾಯ ಇದು!" ಎಂದವನು ತಲೆಯೆತ್ತಿದ. ನೇರವಾಗಿ ಅವಳನ್ನೇ ನೋಡಿದ. "ನಸೀಬಾ, ಇಲ್ಲಿ ಬಾ. ಇದನ್ನು ಹಿಡಿ. ಆ ಬಿಳಿ ನೀರಿನ ಟ್ಯಾಂಕಿ ಕಾಣ್ತದಲ್ಲ, ಅದರ ಮೇಲಿಂದ ಕಣ್ಣು ತೆಗೀಬೇಡ. ದೋಣಿಯ ಮೂಗು ಅತ್ತಲೇ ಇರ್ಲಿ."

ಬ್ಯಾಗು ಬಿಟ್ಟು ಅವಳು ಚುಕ್ಕಾಣಿ ಹಿಡಿದಳು. ಅದು ಜೀವವಿರುವ ಹಾಗೆ ಕೈಯಲ್ಲಿ ಒದ್ದಾಡಿತು. ಬೆನ್ನ ಹಿಂದೆ ಝುಬೈರ್ ಬಗ್ಗಿ ಡಿಂಗಿಗೆ ಇನ್ನೊಂದು ಉದ್ದ ಹಗ್ಗ ಕಟ್ಟಿ, ಸೊಂಟದ ಚಾಕು ತೆಗೆದು ಉಪ್ಪನ ಗಂಟನ್ನು ಕತ್ತರಿಸಿದ. ಹೊಸ ಹಗ್ಗವನ್ನು ಮೆಲ್ಲಮೆಲ್ಲನೆ ಬಿಟ್ಟ. ಜಗ್ಗಾಟ ನಿಂತಿತು. ಅವಳಿಗೆ ಅದು ಕೈಯಲ್ಲೇ ಗೊತ್ತಾಯಿತು. ಎರಡು ಅಲೆಗಳಷ್ಟು ಎಂದು ಬೆಳಗಿನಿಂದ ಹೇಳಿದ್ದು ಇದಕ್ಕೇ ಎಂದೂ ಗೊತ್ತಾಯಿತು. ಗೊತ್ತಾದದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಹಿನ್ನೀರಿನ ಬಾಯಿಯಲ್ಲಿ ಇನ್ನೊಂದು ದಿಣ್ಣೆಯ ಮರೆಗೆ ಬಂದಾಗ ಅಲೆ ಸತ್ತಿತು. ಝುಬೈರ್ ಹಾಯಿ ಇಳಿಸಿದ, ಡಿಂಗಿಯನ್ನು ಎಳೆದು ದೋಣಿಯ ಮಗ್ಗುಲಿಗೆ ತಂದ. ನಡುವೆ ರಬ್ಬರ್ ದಿಂಬು ಇಳಿಬಿಟ್ಟು, ಮುಂದೊಂದು ಹಿಂದೊಂದು ಹಗ್ಗ ಕಟ್ಟಿದ. ಮೇಲಿಂದಲೇ ಒಂದಷ್ಟು ನೀರು ಮೊಗೆದು, ಹಗುರಾದ ಮೇಲೆ ಅದರೊಳಗೆ ಇಳಿದ.

"ಮಗ್ಗುಲಿಗೆ ಕಟ್ಟುದು ನೀರು ಶಾಂತ ಇದ್ರೆ ಮಾತ್ರ," ಎಂದ ಬಕೆಟ್ ಎತ್ತುತ್ತಾ. "ಅಲೆ ಇದ್ರೆ ಒಂದಕ್ಕೊಂದು ಬಡಿದು..."

"ಇನ್ನೊಂದು ಸಲ ಹಗ್ಗದ ಮಾತು ತೆಗೆದ್ರೆ ಈ ಬಕೆಟ್ ನಿಮ್ಮ ತಲೆ ಮೇಲೆ ಹಾಕ್ತೇನೆ."

ಬಕೆಟ್ ಗಾಳಿಯಲ್ಲೇ ನಿಂತಿತು. ದೋಣಿಯ ಅಂಚಿನಲ್ಲಿ ಕುಳಿತ ಅವಳಿಗೂ ಡಿಂಗಿಯಲ್ಲಿ ನಿಂತ ಅವನಿಗೂ ನಡುವೆ ಒಂದು ಗೇಣು ಅಂತರ. ಅವನ ರೆಪ್ಪೆಯ ಮೇಲೆ ಉಪ್ಪು ಬಿಳಿಗಟ್ಟಿತ್ತು. ಗಲ್ಲದಲ್ಲಿ ಒಂದು ಸಣ್ಣ ಗಾಯದ ಗುರುತು ಇರುವುದು ಅವಳಿಗೆ ಇವತ್ತೇ ಕಂಡದ್ದು.

"ನಾನು ಶಾಲೆಗೆ ಹೋಗುದು ನಿಮಗೆ ಇಷ್ಟ ಇಲ್ವಂತೆ," ಎಂದಳು.

"ನನಗಾ? ಯಾರು ಹೇಳಿದ್ದು?"

"ಉಪ್ಪ."

ಅವನು ಬಕೆಟ್ ಕೆಳಗಿಟ್ಟ. "ನಿನಗೆ ಶಾಲೆ ಸಾಕಾಗಿದೆ, ಬಿಡುವವಳಿದ್ದಾಳೆ ಅಂತ ನನಗೆ ಹೇಳಿದ್ದು ಅವರೇ."

ಇಬ್ಬರೂ ಒಟ್ಟಿಗೆ ದೋಣಿಯ ಆ ಬದಿಗೆ ನೋಡಿದರು. ಉಪ್ಪ ಕಣ್ಣು ಮುಚ್ಚಿ ಮಲಗಿದ್ದರು. ಉಮ್ಮ ಮಾತ್ರ ಇತ್ತ ನೋಡಿ, ತಟಕ್ಕನೆ ಮುಖ ತಿರುಗಿಸಿ, ದಿಕ್ರ್ ಇನ್ನೂ ಗಟ್ಟಿಯಾಗಿ ಹೇಳತೊಡಗಿದರು.

"ನಾಳೆ ಬೆಳಿಗ್ಗೆ ಫಾರಂ ಕೊಡಬೇಕು. ನಿಮ್ಮ ಸಹಿ ಬೇಕು."

"ಮಾವನ ಹತ್ತಿರ ಒಂದು ಮಾತು..."

ನಸೀಬಾಳ ತಾಳ್ಮೆ ಅಲ್ಲಿಗೆ ಮುಗಿಯಿತು. "ನಿಕಾಹ್ ಆದದ್ದು ನಿಮಗೆ ನನ್ನ ಜೊತೆಯಾ, ಮಾವನ ಜೊತೆಯಾ? ಎರಡು ತಿಂಗಳಾಯ್ತು. ಒಂದು ಮಾತು ಉಂಟಾ? ಹೇಗಿದ್ದೀ, ಊಟ ಆಯ್ತಾ, ಎಂತದೂ ಇಲ್ಲ. ಬೆಳಗಿಂದ ಕೇಳಿದ್ದು ಹಗ್ಗ, ಹಗ್ಗ, ಹಗ್ಗ!"

ಅವನು ಒದ್ದೆ ಕೈಗಳನ್ನು ನೋಡಿಕೊಂಡು ನಿಂತ. ಕಿವಿ ಮತ್ತೆ ಕೆಂಪಾಯಿತು.

"ಊಟದ ದಿನದ ತನಕ ನಿನ್ನ ಹತ್ತಿರ ಮಾತಾಡುದಿಲ್ಲ ಅಂತ ಮಾವ ನನ್ನಿಂದ ಮಾತು ತೆಗೊಂಡಿದ್ದಾರೆ," ಎಂದ. "ಮಾತಾಡ್ಬಾರ್ದು ಅಂದ್ರು. ನಾನು ಮಾವನ ಹತ್ತಿರ ಮಾತಾಡುದು ನಿನಗೆ ಕೇಳ್ಬಾರ್ದು ಅಂತ ಹೇಳ್ಲಿಲ್ಲ."

"ಅಂದ್ರೆ?"

"ನನಗೆ ಗೊತ್ತಿರುದು ಹಗ್ಗ, ಹಾಯಿ, ಗಾಳಿ. ಅಷ್ಟೇ ಗೊತ್ತಿರುದು. ಅದನ್ನೇ ಗಟ್ಟಿಯಾಗಿ ಹೇಳಿದೆ. ಮಾವನಿಗೆ ಕಿವಿ ಚೆನ್ನಾಗಿಯೇ ಕೇಳ್ತದೆ, ನಸೀಬಾ. ಅಷ್ಟು ಗಟ್ಟಿಯಾಗಿ ಹೇಳಿದ್ದು ನಿನಗೆ. ನನ್ನ ಸ್ವರ ಆದ್ರೂ ನಿನಗೆ ಗುರ್ತ ಇರ್ಲಿ ಅಂತ."

ಈ ಹುಚ್ಚ ಬೆಳಗಿನಿಂದ ತನ್ನ ಹತ್ತಿರವೇ ಮಾತಾಡುತ್ತಿದ್ದ, ತಾನೋ ಕಿವಿ ಮುಚ್ಚಿಕೊಂಡು ಕುಳಿತಿದ್ದಳು.

ಅವಳು ಕವರಿನಿಂದ ಫಾರಂ ತೆಗೆದಳು.

"ಕೈ ಒದ್ದೆ ಉಂಟು," ಎಂದ ಅವನು.

"ಕೊಡಿ."

ಅವಳು ದುಪ್ಪಟ್ಟದ ತುದಿಯಿಂದ ಅವನ ಕೈ ಒರೆಸಿದಳು. ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ಅಂಗೈ ಹಗ್ಗ ಉಜ್ಜಿ ಒರಟಾಗಿತ್ತು, ಹೆಬ್ಬೆರಳ ಬುಡದಲ್ಲಿ ಚರ್ಮ ಕಿತ್ತುಬಂದಿತ್ತು. ಗಂಡನ ಕೈಯನ್ನು ಅವಳು ಮುಟ್ಟಿದ್ದು ಇದೇ ಮೊದಲು. ಒರೆಸಿ ಮುಗಿದ ಮೇಲೂ ಇಬ್ಬರಿಗೂ ಅದು ಮುಗಿದದ್ದು ಗೊತ್ತಾಗಲಿಲ್ಲ.

"ಇನ್ನು ಒಣಗಿರಬೇಕು," ಎಂದ ಝುಬೈರ್ ಮೆಲ್ಲಗೆ.

"ಇನ್ನೂ ಸ್ವಲ್ಪ ಉಂಟು," ಎಂದಳು ಅವಳು, ತಲೆ ತಗ್ಗಿಸಿ.

ದೋಣಿಯ ಅಂಚಿನಲ್ಲಿ ಕಾಗದ ಇಟ್ಟು ಅವನು ಸಹಿ ಹಾಕಿದ. ಹಾಕಿ ತಲೆಯೆತ್ತಿದರೆ ಮೇಲೆ ಉಪ್ಪ ನಿಂತಿದ್ದರು. ಮುಖ ಬಿಳಿಚಿತ್ತು, ಒಂದು ಕೈ ಹಾಯಿಕಂಬದ ಮೇಲಿತ್ತು.

"ಮಾತು ಕೊಟ್ಟಿದ್ದಿ ನೀನು."

"ಕೊಟ್ಟಿದ್ದೆ ಮಾವ. ಇವತ್ತು ಮುರಿದೆ. ತಪ್ಪಾಯ್ತು. ಆದರೆ ನೀವು ಇವಳಿಗೊಂದು, ನನಗೊಂದು ಹೇಳಿದ್ರಿ."

ಉಪ್ಪ ಮೆಲ್ಲನೆ ಕೆಳಗೆ ಕುಳಿತರು. "ಮದುವೆ ಊಟ ಆದ್ಮೇಲೆ ಇವಳು ಇರುದು ಇಲ್ಲಿ, ಒಭೂರ್‌ನಲ್ಲಿ," ಎಂದರು. ಸ್ವರದಲ್ಲಿ ಜೋರು ಇರಲಿಲ್ಲ. "ಶಾಲೆ ಅಲ್ಲಿ. ನಲವತ್ತು ಕಿಲೋಮೀಟರ್. ಹೆಂಗಸರು ಗಾಡಿ ಬಿಡುವ ಹಾಗಿಲ್ಲ. ಗುರ್ತ ಇಲ್ಲದ ಟ್ಯಾಕ್ಸಿಯವನ ಜೊತೆ ಕಳಿಸ್ಲಿಕ್ಕೆ ಆಗ್ತದಾ? ಎರಡು ವರ್ಷ ದಿನಾ ಬೆಳಿಗ್ಗೆ ನಾನು ಬಿಟ್ಟು ಬಂದಿದ್ದೇನೆ. ಇನ್ನು ಯಾರು ಬಿಡುದು? ಅದಕ್ಕೆ ಹೇಳಿದೆ."

"ನಾನು ಬಿಡ್ತೇನೆ," ಎಂದ ಝುಬೈರ್.

"ಒಂದು ದಿನದ ಮಾತಲ್ಲ."

"ದಿನಾ ಬಿಡ್ತೇನೆ. ಸುಬ್‌ಹಿ ನಮಾಜ್ ಆಗಿ ಹೊರಟ್ರೆ ಆರೂವರೆಗೆ ಶಾಲೆ. ಏಳೂವರೆಗೆ ನಾನು ಇಲ್ಲಿ. ಕಫೀಲ್ ಬರುದು ಒಂಬತ್ತಕ್ಕೆ. ಮಧ್ಯಾಹ್ನ ಮತ್ತೆ ಹೋಗಿ ಕರ್ಕೊಂಡು ಬರ್ತೇನೆ. ಇವಳು ಬಿಡ್ತೇನೆ ಅನ್ನುವ ತನಕ ಯಾರೂ ಬಿಡಿಸುದು ಬೇಡ."

ಇವನಿಗೆ ಇಷ್ಟು ಮಾತು ಬರುತ್ತದೆಂದು ನಸೀಬಾಳಿಗೆ ಗೊತ್ತಿರಲಿಲ್ಲ. ಉಪ್ಪ ಅಳಿಯನನ್ನೂ, ಮಗಳ ಕೈಯಲ್ಲಿದ್ದ ಕಾಗದವನ್ನೂ ನೋಡಿದರು.

"ನಿನ್ನ ಪಿಕಪ್‌ನಲ್ಲಿ ಎಸಿ ಉಂಟಾ?"

"ಇಲ್ಲ ಮಾವ."

"ಹಾಕಿಸು," ಎಂದರು ಉಪ್ಪ. ಹೇಳಿ ಮತ್ತೆ ಅಂಚಿಗೆ ಬಗ್ಗಿ ವಾಂತಿ ಮಾಡಿಕೊಂಡರು.

ಬಾಂಗಿಗೆ ಹತ್ತು ನಿಮಿಷ ಇರುವಾಗ ಚೌಕಿ ಮುಟ್ಟಿ ಇಕಾಮಾಗಳನ್ನು ತೆಗೆದುಕೊಂಡರು. ಜೆಟ್ಟಿಯ ಹಿಂದಿನ ಚಿಕ್ಕ ಮಸೀದಿಯಲ್ಲಿ ನಮಾಜ್ ಆದ ಮೇಲೆ ಎಲ್ಲರೂ ಕಾರಿನ ಹತ್ತಿರ ಬಂದರು. ಪಾತ್ರೆ, ಚಾಪೆ, ಫ್ಲಾಸ್ಕ್ ಡಿಕ್ಕಿ ಸೇರಿದವು. ಉಮ್ಮ ಮುಂದೆ, ನಸೀಬಾ ಹಿಂದೆ ಕುಳಿತರು. ಮತ್ತದೇ ಕಾರು, ಅದೇ ಮನೆ, ಡಿಸೆಂಬರಿಗೆ ಇನ್ನೂ ಮೂರು ತಿಂಗಳು. ಕಾಗದಕ್ಕೆ ಸಹಿ ಬಿದ್ದಿತ್ತು, ಅವಳ ಕ್ಲಾಸು ಅವಳಿಗೇ ಉಳಿದಿತ್ತು. ಆದರೂ ಕಾರಿನ ಬಾಗಿಲು ಮುಚ್ಚಿದಾಗ ಅವಳಿಗೆ ಅದನ್ನು ಒದ್ದು ತೆರೆಯಬೇಕೆನಿಸಿತು.

ಉಪ್ಪ ಸ್ಟಾರ್ಟ್ ಮಾಡಿದರು. ಝುಬೈರ್ ಅವರ ಕಿಟಕಿಯ ಹತ್ತಿರ ಬಂದು ಬಗ್ಗಿದ.

"ಮಾವ, ಶಾಲೆಯಲ್ಲಿ ಎಂತ ಹೇಳಿದ್ರು ಅಂತ ಕೇಳ್ಲಿಕ್ಕೆ ನಾಳೆ ನಸೀಬಾಳಿಗೆ ಫೋನ್ ಮಾಡ್ತೇನೆ."

ಉಪ್ಪ ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು.

"ಎಷ್ಟು ಗಂಟೆಗೆ?"

"ರಾತ್ರಿ ಇಶಾ ನಮಾಜ್ ಆದ ಮೇಲೆ."

"ಆ ಹೊತ್ತಿಗೆ ನಾನು ಅಂಗಡಿಯಲ್ಲಿ ಇರ್ತೇನೆ," ಎಂದರು ಉಪ್ಪ. ಗೇರ್ ಹಾಕಿದರು.

ಕಾರು ಹೊರಟಿತು. ಹಿಂದಿನ ಗಾಜಿನಲ್ಲಿ ಝುಬೈರ್ ಕೈ ಬೀಸುವುದೋ ಬೇಡವೋ ಎಂದು ಅರ್ಧ ಎತ್ತಿದ ಕೈಯಲ್ಲೇ ನಿಂತಿದ್ದ. ನಸೀಬಾ ಉಪ್ಪನ ಎದುರೇ ತಿರುಗಿ ಕುಳಿತು ಪೂರಾ ಕೈ ಬೀಸಿದಳು. ಅವನು ಕಾಣದಾದ ಮೇಲೆ ಕೈಗಡಿಯಾರ ನೋಡಿದಳು. ನಾಳೆಯ ಇಶಾಕ್ಕೆ ಇನ್ನೂ ಇಪ್ಪತ್ತೈದು ಗಂಟೆ ಬಾಕಿ ಇತ್ತು, ಅದಕ್ಕೆ ಅವಳಿಗೆ ಆಗಲೇ ಸಿಟ್ಟು ಬರತೊಡಗಿತ್ತು.